ಬೆರಳಿಗೆ ಗೊತ್ತಿದ್ದದ್ದು

ತಮ್ಮಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಬೇಜಾರು ಮಾಡ್ಕೋಬೇಡ, ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಕೆಲಸ ಬಿಟ್ಟು ಕಾದಂಬರಿಗೆ ಕೂರು ಅಂತ ಮನಸ್ಸು ಹೇಳ್ತಿದೆ, ಅದನ್ನು ನಂಬಲಾ ಅಂತ ಕೇಳಿದ್ದೀಯ. ಹೂಂ ಅನ್ನುವುದೂ ಸುಲಭ, ಉಹೂಂ ಅನ್ನುವುದೂ ಸುಲಭ. ಎರಡನ್ನೂ ಹೇಳುವ ಧೈರ್ಯ ನನಗಿಲ್ಲ. ನಾನು ಕಂಡದ್ದನ್ನು ಹೇಳುತ್ತೇನೆ.

ನಾನು ಬರೆಯಲು ಶುರು ಮಾಡಿದಾಗ ಬ್ಯಾಂಕಿನಲ್ಲಿ ಗುಮಾಸ್ತ. ಆಗ ನೋಟು ಎಣಿಸುವ ಮೆಷಿನ್ ಇರಲಿಲ್ಲ. ನಮ್ಮ ಹೆಡ್ ಕ್ಯಾಷಿಯರ್ ಒದ್ದೆ ಸ್ಪಂಜಿಗೆ ಬೆರಳು ಒತ್ತಿ, ನೂರು ನೋಟಿನ ಕಟ್ಟನ್ನು ಸರಸರ ಎಣಿಸುತ್ತಿದ್ದರು. ಬಾಯಲ್ಲಿ ಊರಿನ ಮಳೆ ಬೆಳೆ ಮಾತು ನಡೆದೇ ಇರುತ್ತಿತ್ತು. ಎಲ್ಲೋ ಒಂದು ಕಡೆ ಬೆರಳು ತಟ್ಟನೆ ನಿಲ್ಲುತ್ತಿತ್ತು. ಆ ನೋಟನ್ನು ಎಳೆದು ಬೆಳಕಿಗೆ ಹಿಡಿದರೆ ಖೋಟಾ. ಹೇಗೆ ಗೊತ್ತಾಯ್ತು ಸಾರ್ ಅಂದರೆ, "ಯಾಕೋ ಸರಿ ಅನಿಸಲಿಲ್ಲ" ಅನ್ನುತ್ತಿದ್ದರು, ಅಷ್ಟೇ. ನನಗದು ಮಂತ್ರದ ಹಾಗೆ ಕಾಣುತ್ತಿತ್ತು.

ಅದೇ ಮನುಷ್ಯ ನಿವೃತ್ತಿಯ ದುಡ್ಡನ್ನು ಒಬ್ಬನ ಚೀಟಿ ವ್ಯವಹಾರಕ್ಕೆ ಹಾಕಿದರು. "ಅವನ ಮುಖ ನೋಡಿದರೆ ನಂಬಿಕೆ ಬರುತ್ತೆ, ನನ್ನ ಮನಸ್ಸು ಯಾವತ್ತೂ ಸುಳ್ಳು ಹೇಳಿಲ್ಲ" ಅಂದರು. ನಾನೂ ಹಾಕಿದೆ. ಇಬ್ಬರದ್ದೂ ಹೋಯಿತು. ಅವರದ್ದು ಮಗಳ ಮದುವೆಗೆ ಅಂತ ಎತ್ತಿಟ್ಟದ್ದು.

ಎಷ್ಟೋ ರಾತ್ರಿ ಇದನ್ನೇ ಯೋಚಿಸಿದ್ದೇನೆ. ಎರಡೂ ಸಲ ಅವರಿಗೆ ಅನಿಸಿದ್ದು ಅಷ್ಟೇ ಗಟ್ಟಿಯಾಗಿ. ಆದರೆ ನೋಟು ಅವರ ಕೈಯಲ್ಲಿ ಇಪ್ಪತ್ತೈದು ವರ್ಷ ಓಡಾಡಿತ್ತು. ಖೋಟಾ ತಪ್ಪಿಸಿಕೊಂಡರೆ ದುಡ್ಡು ಅವರ ಕೈಯಿಂದಲೇ ಹೋಗುತ್ತಿತ್ತು. ಹಾಗಾಗಿ ಬೆರಳು ಕಲಿತಿತ್ತು. ಚೀಟಿ ನಡೆಸುವವರ ಮುಖ ಓದುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಬೆಂಕಿ ಆರಿಸುವವರನ್ನು ಮಾತಾಡಿಸಿ ಇಂಥದ್ದನ್ನೇ ಕಂಡುಕೊಂಡರು. ಒಬ್ಬ ಅಧಿಕಾರಿ ಅಡುಗೆಮನೆಯ ಬೆಂಕಿಗೆ ನೀರು ಹೊಡೆಸುತ್ತಿದ್ದಾಗ ಏನೋ ಸರಿಯಿಲ್ಲ ಅನಿಸಿ ಎಲ್ಲರನ್ನೂ ಹೊರಗೆ ಕರೆಸಿದ. ಸ್ವಲ್ಪದರಲ್ಲೇ ನೆಲ ಕುಸಿಯಿತು. ಬೆಂಕಿಯ ಮೂಲ ಕೆಳಗಿನ ನೆಲಮಾಳಿಗೆಯಲ್ಲಿತ್ತು. ತನಗೇನೋ ದಿವ್ಯಶಕ್ತಿ ಇದೆ ಅಂತ ಅವನು ನಂಬಿದ್ದ. ಕೆದಕಿ ಕೇಳಿದಾಗ ಗೊತ್ತಾಯಿತು: ಅಷ್ಟು ಸಣ್ಣ ಬೆಂಕಿಗೆ ಕೋಣೆ ಜಾಸ್ತಿ ಬಿಸಿ ಇತ್ತು, ಸದ್ದು ತೀರಾ ಕಡಿಮೆ ಇತ್ತು. ಹೀಗೆ ಅನಿಸುವುದನ್ನು ಸುಮ್ನೆ ನಂಬಬಾರದು ಅನ್ನುತ್ತಿದ್ದವರು ಇನ್ನೊಬ್ಬ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್. 2009ರಲ್ಲಿ ಇಬ್ಬರೂ ಸೇರಿ ಒಂದು ಲೇಖನ ಬರೆದರು. ಮತ್ತೆ ಮತ್ತೆ ಒಂದೇ ಥರ ನಡೆಯುವ ಕೆಲಸವಾಗಿರಬೇಕು, ತಪ್ಪಿದ್ದು ಬೇಗ ಗೊತ್ತಾಗಬೇಕು, ಅಲ್ಲಿ ಪಳಗಿದವರ ಮನಸ್ಸನ್ನು ನಂಬಬಹುದು ಅಂತ ಒಪ್ಪಿಕೊಂಡರು.

ಈಗ ನಿನ್ನ ವಿಷಯ. ಹೋದ ಸಲದ ಕರಡಿನಿಂದ ನೀನು ಆ ಅಜ್ಜಿಯ ಅಧ್ಯಾಯವನ್ನೇ ತೆಗೆದಿದ್ದೆ. ಯಾಕೋ ಅಂದರೆ, "ಗೊತ್ತಿಲ್ಲ, ಬೇಡ ಅನಿಸಿತು" ಅಂದೆ. ಸರಿಯಾಗಿತ್ತು ಮಾರಾಯ. ಎಂಟು ವರ್ಷ ಬರೆದು, ಹೊಡೆದು ಹಾಕಿ, ಓದಿದವರ ಮುಖ ನೋಡಿ ಕಲಿತದ್ದು ಅದು. ಅಲ್ಲಿ ನನ್ನನ್ನೂ ಕೇಳಬೇಡ, ಯಾರನ್ನೂ ಕೇಳಬೇಡ.

ಕೆಲಸ ಬಿಡುವುದು ಹಾಗಲ್ಲ. ಅದನ್ನು ನೀನು ಒಂದು ಸಲವೂ ಮಾಡಿಲ್ಲ. ಅಪ್ಪನ ಔಷಧಿ, ಮನೆ ಸಾಲದ ಕಂತು, ತಂಗಿಯ ಫೀಸು, ಇವನ್ನೆಲ್ಲ ಮನಸ್ಸಿಗೆ ಬಿಡಬೇಡ. ಕಾಗದದ ಮೇಲೆ ಬರೆದು ಕೂಡಿಸು. ಇನ್ನೊಂದು ನೋಡು: ಬಿಡು ಬಿಡು ಅನ್ನುವ ಆ ದನಿ ಯಾವಾಗ ಬರುತ್ತದೆ? ಭಾನುವಾರ ಸಂಜೆ ಮಾತ್ರವಾ? ಮ್ಯಾನೇಜರ್ ಬೈದ ದಿನ ಮಾತ್ರವಾ? ಹಾಗಾದರೆ ಅದು ದಣಿವು. ಒಳ್ಳೆಯ ದಿನಗಳಲ್ಲೂ, ಯಾರ ಮೇಲೂ ಸಿಟ್ಟಿಲ್ಲದಾಗಲೂ ಬಂದರೆ ಆಗ ಕಿವಿಗೊಡು. ನನಗೆ ಆರು ವರ್ಷ ಹಾಗೆ ಬಂತು, ಆಮೇಲೆ ಬ್ಯಾಂಕು ಬಿಟ್ಟೆ.

ಮೊದಲು ಅನಿಸಿದ್ದೇ ಒಳದನಿ ಅಂತಲೂ ಅಲ್ಲ. ಕುವೆಂಪು ಹುಡುಗನಾಗಿದ್ದಾಗ ಇಂಗ್ಲಿಷಿನಲ್ಲಿ ಕವನ ಬರೆಯುತ್ತಿದ್ದರು. 1924ರಲ್ಲಿ ಮೈಸೂರಿಗೆ ಬಂದ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ಅವನ್ನು ತೋರಿಸಿದರು. ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಅಂತ ಅವರು ಕೇಳಿದರು. ಆ ಮಾತು ಹುಡುಗನಿಗೆ ಆ ಹೊತ್ತು ಹಿಡಿಸಲಿಲ್ಲ. ಮೊದಲ ಬೇಸರವನ್ನೇ ತೀರ್ಪು ಅಂತ ಹಿಡಿದುಕೊಂಡಿದ್ದರೆ ಏನಾಗುತ್ತಿತ್ತು ಯೋಚಿಸು. ನನಗಂತೂ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ.

ಲೆಕ್ಕ ಬರೆದ ಮೇಲೆ ನನಗೂ ಒಂದು ಪ್ರತಿ ಕಳಿಸು. ಕೂಡಿಸಿ ಕಳೆಯುವುದು ನನಗೆ ಇನ್ನೂ ಮರೆತಿಲ್ಲ. ಯುಗಾದಿಗೆ ಊರಿಗೆ ಬಂದಾಗ ಹೊಸ ಅಧ್ಯಾಯ ತಾ, ಜಗಲಿಯಲ್ಲಿ ಕೂತು ನೀನೇ ಓದಬೇಕು. ಅತ್ತೆಗೆ ಈಗಲೇ ಹೇಳಿಟ್ಟಿದ್ದೇನೆ, ನಿನಗೆ ಹೋಳಿಗೆಗೆ ತುಪ್ಪ ಜಾಸ್ತಿ ಬೇಕು ಅಂತ.

ಪ್ರೀತಿಯಿಂದ,
ನಿನ್ನ ಮಾವ