‘ಇವತ್ತು ಬೇಡ’ ಎಂದವರಿಗೆ

ಕಳೆದ ಮಂಗಳವಾರ ಮಧ್ಯಾಹ್ನ ನನ್ನ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬಂತು. ಈಗ ಅದೂ ಮೊಬೈಲಿಗೇ ಬರುತ್ತದೆ. ಅಪ್ಪ ಅಟ್ಟದ ಮೇಲೆ ಕಾಯಿ ನೋಡುತ್ತಿದ್ದರು. ಕೆಳಗಿನಿಂದಲೇ ಕೂಗಿ ಹೇಳಿದೆ. ಏಣಿ ಇಳಿದು ಬಂದು, ಪಂಚೆಗೆ ಕೈ ಒರೆಸಿಕೊಂಡು, ಮೊಬೈಲ್ ಇಸಕೊಂಡು ನನ್ನ ಹೆಸರನ್ನು ಎರಡು ಸಲ ಓದಿದರು. ಆಮೇಲೆ ಏನೂ ಮಾತಾಡದೆ ದೇವರ ಮನೆಗೆ ಹೋದರು.

ಅವತ್ತಿನಿಂದ ಫೋನ್ ನಿಂತಿಲ್ಲ. ಹರಸಿದವರಿಗೆ, ಬೆನ್ನು ತಟ್ಟಿದವರಿಗೆ, ಬ್ಯಾಂಕಿನಲ್ಲಿ ಜಾಮೀನು ನಿಂತ ಸೋದರಮಾವನಿಗೆ, ಬಳೆ ಬಿಚ್ಚಿಕೊಟ್ಟ ಅತ್ತೆಗೆ ನಾನು ಋಣಿ. ಆದರೆ ಇದನ್ನು ಬರೆಯಲು ಕೂತಾಗ ಮೊದಲು ನೆನಪಿಗೆ ಬಂದವರು ಬೇರೆ. ಈ ನಾಲ್ಕು ವರ್ಷದಲ್ಲಿ ನನ್ನನ್ನು ತಡೆದು ನಿಲ್ಲಿಸಿದವರು, ‘ಇವತ್ತು ಬೇಡ’ ಎಂದವರು. ಅವರಿಗೆ ಧನ್ಯವಾದ ಹೇಳಿದ್ದೇ ಇಲ್ಲ. ಆಗ ಹೇಳುವ ಮನಸ್ಸೂ ನನಗಿರಲಿಲ್ಲ.

ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನವೊಂದು ಉತ್ತರ ಧ್ರುವದ ಮೇಲಿಂದ ಹಾರಿ ಬಂತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು. ನಾನಾಗ ಎರಡನೇ ಪಿಯುಸಿ. ಅವರು ಬೆಂಗಳೂರಿನಲ್ಲಿ ಇಳಿದು ನಡೆದು ಬರುವುದನ್ನು ಟೀವಿಯಲ್ಲಿ ನೋಡಿದ ರಾತ್ರಿ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಎದ್ದು ಅಪ್ಪನಿಗೆ ಹೇಳಿದೆ. ‘ಎಷ್ಟಾಗುತ್ತೆ?’ ಅಂದರು. ‘ಐವತ್ತು ಲಕ್ಷ ದಾಟುತ್ತೆ’ ಅಂದೆ. ಕಾಫಿ ಲೋಟ ಕೆಳಗಿಟ್ಟು ಸುಮ್ಮನೆ ಕೂತರು. ಆದರೆ ‘ಆಗಲ್ಲ’ ಅನ್ನಲಿಲ್ಲ.

ಮೊದಲು ತಡೆದವರು ಬೆಂಗಳೂರಿನ ಒಬ್ಬ ವೈದ್ಯರು. ಕಮರ್ಷಿಯಲ್ ಪೈಲಟ್ ಆಗುವವರ ದೇಹ ಪರೀಕ್ಷೆಯಾದ ಕ್ಲಾಸ್ 1 ಮೆಡಿಕಲ್‌ನಲ್ಲಿ ನನ್ನ ಹಿಮೋಗ್ಲೋಬಿನ್ ಕಡಿಮೆ ಬಂದು ‘ತಾತ್ಕಾಲಿಕ ಅನರ್ಹ’ ಎಂದು ಬರೆದುಬಿಟ್ಟರು. ಬಸ್ಸಿನಲ್ಲಿ ತಿಪಟೂರಿನವರೆಗೂ ಅಳುತ್ತಲೇ ಬಂದೆ. ‘ಎತ್ತರಕ್ಕೆ ಹೋದಾಗ ಆಮ್ಲಜನಕ ಒಯ್ಯೋದು ನಿನ್ನ ರಕ್ತಾನೇ ತಾನೇ? ಮೊದಲು ಅದನ್ನ ಸರಿ ಮಾಡ್ಕೊಂಡು ಬಾ’ ಎಂದು ಅವರು ಸಮಾಧಾನವಾಗಿ ಹೇಳಿದ್ದು ಅವತ್ತು ಕಿವಿಗೆ ಬೀಳಲೇ ಇಲ್ಲ. ಮೂರು ತಿಂಗಳು ಮಾತ್ರೆ ನುಂಗಿದೆ, ಸೊಪ್ಪು ತಿಂದೆ, ಅಜ್ಜಿ ಹುರುಳಿಕಾಳು ಬೇಯಿಸಿ ಹಾಕಿದರು. ಎರಡನೇ ಸಲ ಪಾಸಾದೆ. ಪೈಲಟ್ ಆಗಬೇಕೆಂದು ನನ್ನನ್ನು ಕೇಳುವ ತಂಗಿಯರಿಗೆ, ತಮ್ಮಂದಿರಿಗೆ ಇಲ್ಲೇ ಒಂದು ಮಾತು: ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಲಿ, ಮತ್ತು ಯಾವ ಶಾಲೆಗಾದರೂ ಒಂದು ರೂಪಾಯಿ ಕಟ್ಟುವ ಮೊದಲು ಮೆಡಿಕಲ್ ಮಾಡಿಸಿ. ಫೀಸು ಕಟ್ಟಿ ಆಮೇಲೆ ಅನರ್ಹರಾದವರ ಕಣ್ಣೀರು ನೋಡಿದ್ದೇನೆ.

ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನಡೆಸುವ ಪರೀಕ್ಷೆಗಳಲ್ಲಿ 100ಕ್ಕೆ 70 ಬಂದರೆ ಮಾತ್ರ ಪಾಸು. ಹವಾಮಾನ, ನಿಯಮಾವಳಿ ಎರಡೂ ದಾಟಿದೆ. ನ್ಯಾವಿಗೇಶನ್‌ನಲ್ಲಿ 64ಕ್ಕೆ ನಿಂತೆ. ನಮ್ಮ ನ್ಯಾವಿಗೇಶನ್ ಮೇಷ್ಟ್ರು ವಾಯುಪಡೆಯಿಂದ ನಿವೃತ್ತರಾದವರು. ಮುಂದಿನ ಪರೀಕ್ಷೆಗೆ ಕೂಡಲೇ ಅರ್ಜಿ ಹಾಕಲು ಹೊರಟಿದ್ದವಳನ್ನು ಅವರು ಬಿಡಲಿಲ್ಲ. ‘ಒಂದು ಡಿಗ್ರಿ ತಪ್ಪಿದರೆ 60 ಮೈಲಿ ಹೋಗುವಷ್ಟರಲ್ಲಿ ಒಂದು ಮೈಲಿ ದಾರಿ ತಪ್ಪಿರ್ತೀಯ. ನಿನ್ನ ಉತ್ತರಗಳು ಎಷ್ಟು ಡಿಗ್ರಿ ತಪ್ಪಿವೆ ಅಂತ ಮೊದಲು ನೋಡೋಣ’ ಎಂದು ಎರಡು ತಿಂಗಳು ದಿನಾ ಸಂಜೆ ಕೂರಿಸಿ ಲೆಕ್ಕ ಮಾಡಿಸಿದರು. ಅದಕ್ಕೆ ಬೇರೆ ಫೀಸು ತೆಗೆದುಕೊಳ್ಳಲಿಲ್ಲ. ಸರ್, ಆಮೇಲೆ ಆಕಾಶದಲ್ಲಿ ಗಾಳಿ ನನ್ನನ್ನು ಪಕ್ಕಕ್ಕೆ ತಳ್ಳಿದಾಗಲೆಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ನಿಮ್ಮ ಆ ‘ಒಂದಕ್ಕೆ ಅರವತ್ತು’ ಸೂತ್ರದಿಂದಲೇ.

ಹಾರಾಟ ಕಲಿತದ್ದು ಕಲಬುರಗಿಯಲ್ಲಿ. ಅಲ್ಲಿಯ ಏಪ್ರಿಲ್ ಬಿಸಿಲನ್ನು ಕಂಡವರಿಗೇ ಗೊತ್ತು. ಗಾಳಿ ಕಾದು ತೆಳುವಾದರೆ ರೆಕ್ಕೆಗೂ ಎಂಜಿನ್‌ಗೂ ಬಲ ಸಾಲದು. ನಮ್ಮ ಪುಟ್ಟ ತರಬೇತಿ ವಿಮಾನ ಸೆಸ್ನಾ ಏದುಸಿರು ಬಿಡುತ್ತಾ ಮೇಲೇರುತ್ತದೆ. ಹಾಗಾಗಿ ಕತ್ತಲಿದ್ದಾಗಲೇ ಎದ್ದು ಹೋಗುತ್ತಿದ್ದೆವು. ನಾನು ಬಾಡಿಗೆಗಿದ್ದ ಮನೆಯ ಅವ್ವ ನನಗಿಂತ ಮೊದಲೇ ಎದ್ದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಡುತ್ತಿದ್ದರು. ಜ್ವರ ಬಂದಿದ್ದ ಒಂದು ಬೆಳಿಗ್ಗೆ ಮಾತ್ರ ಡಬ್ಬಿ ಕೊಡಲಿಲ್ಲ, ಬಾಗಿಲಿಗೆ ಅಡ್ಡ ನಿಂತರು. ‘ಮೈ ಸುಡಾಕತ್ತದ. ಇವತ್ತ ಹೋಗಬ್ಯಾಡ ಯವ್ವಾ, ವಿಮಾನ ಎಲ್ಲಿ ಓಡಿ ಹೊಂಟದ?’ ಅಂದರು. ಹುಷಾರಿಲ್ಲದಾಗ ಹಾರಬಾರದು ಎನ್ನುವುದು ಪುಸ್ತಕದಲ್ಲಿದೆ. ನಾನದನ್ನು ಓದಿ ಪರೀಕ್ಷೆಯಲ್ಲಿ ಬರೆದು ಬಂದಿದ್ದೆ. ಪಾಲಿಸುವಂತೆ ಮಾಡಿದವರು ಅವ್ವ.

ನನ್ನ ಜೊತೆಯವರು 14-15 ಗಂಟೆ ಹಾರಾಟ ಕಲಿತ ಮೇಲೆ ಸೋಲೋ ಹೋದರು, ಅಂದರೆ ಒಬ್ಬರೇ ಹಾರಿದರು. ನನಗೆ 21 ಗಂಟೆಯಾದರೂ ಮೇಡಂ ಒಪ್ಪಲಿಲ್ಲ. ನನ್ನ ಇನ್‌ಸ್ಟ್ರಕ್ಟರನ್ನು ನಾವೆಲ್ಲ ಕರೆಯುತ್ತಿದ್ದದ್ದೇ ಹಾಗೆ, ಮೇಡಂ ಎಂದು. ಇಳಿಯುವಾಗ ನಾನು ವಿಮಾನದ ಮೂತಿಯ ಮುಂದಿನ ನೆಲವನ್ನೇ ನೋಡುತ್ತಿದ್ದೆ. ನೆಲ ಮೈಮೇಲೆ ಬಂದಂತಾಗಿ ಬೇಗ ಮೂತಿ ಎತ್ತುತ್ತಿದ್ದೆ. ವಿಮಾನ ತೇಲಿ, ವೇಗ ಕಳೆದುಕೊಂಡು, ಧೊಪ್ಪೆಂದು ಕೂರುತ್ತಿತ್ತು. ಪ್ರತಿ ಹೆಚ್ಚುವರಿ ಗಂಟೆಗೂ ದುಡ್ಡು. ಅದು 2023. ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಅದಕ್ಕಿಂತ ಬಹಳ ಕೆಳಗೆ ಬಿದ್ದಿದ್ದ ವರ್ಷ. ನನ್ನ ಒಂದೊಂದು ಕೆಟ್ಟ ಲ್ಯಾಂಡಿಂಗ್‌ಗೂ ಅಪ್ಪನ ಅಟ್ಟದಿಂದ ಎಷ್ಟು ಕೊಬ್ಬರಿ ಹೋಯಿತೆಂದು ಲೆಕ್ಕ ಹಾಕುತ್ತಾ ಮಲಗುತ್ತಿದ್ದೆ. ‘ಮೇಡಂ, ಒಂದು ಸಲ ಕಳಿಸಿ’ ಎಂದು ಬೇಡಿಕೊಂಡೆ. ‘ನಿನ್ನ ಕಷ್ಟ ಗೊತ್ತು. ಆದರೆ ನಾನಿಲ್ಲದಾಗ ಪಕ್ಕದ ಸೀಟಿನಿಂದ ಕಂಟ್ರೋಲ್ ಹಿಡಿಯೋರು ಯಾರು? ಕಣ್ಣು ರನ್‌ವೇ ಕೊನೆಗೆ ಇಡು’ ಅಂದರು. ಎರಡು ದಿನದ ನಂತರ ಸತತ ಐದು ಲ್ಯಾಂಡಿಂಗ್ ಸರಿಯಾದ ಮೇಲೆ ಬೆಲ್ಟ್ ಬಿಚ್ಚಿ ಇಳಿದು, ಖಾಲಿ ಸೀಟಿಗೆ ತಾವೇ ಬೆಲ್ಟ್ ಬಿಗಿದು, ಬಾಗಿಲು ಹಾಕಿದರು. ಅವರ ತೂಕವಿಲ್ಲದ ವಿಮಾನ ಎಂದಿಗಿಂತ ಬೇಗ ನೆಲ ಬಿಟ್ಟಿತು. ಕೆಳಗೆ ತೊಗರಿ ಹೊಲಗಳು. ಒಂದೇ ಸುತ್ತು. ಇಳಿದ ಮೇಲೆ ರೂಢಿಯಂತೆ ತಲೆ ಮೇಲೆ ಬಕೆಟ್ ನೀರು ಸುರಿದರು. ಅಳುತ್ತಿದ್ದದ್ದು ಯಾರಿಗೂ ಕಾಣಲಿಲ್ಲ.

ಹ್ಯಾಂಗರಿನ ಹಿರಿಯ ಟೆಕ್ನಿಷಿಯನ್ ಒಬ್ಬರಿಗೆ ನಾನು ಜೀವನವಿಡೀ ಋಣಿ. ರಾತ್ರಿಯಿಡೀ ಮಳೆ ಸುರಿದಿದ್ದ ಬೆಳಿಗ್ಗೆ ಅದು. ಹಾರುವ ಮೊದಲು ರೆಕ್ಕೆಯಡಿಯಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಬಟ್ಟಲಿಗೆ ಇಳಿಸಿ ನೋಡಬೇಕು. ನೋಡಿದೆ; ತಿಳಿನೀಲಿ, ಸ್ವಚ್ಛ. ಬಟ್ಟಲು ಎತ್ತಿಡುತ್ತಿದ್ದೆ. ‘ತಡಿ ತಂಗಿ’ ಎಂದು ಅವರು ರೆಕ್ಕೆಯ ತುದಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಸ್ವಲ್ಪ ಹೊತ್ತು ಬಿಟ್ಟು, ‘ಈಗ ತಗಿ’ ಅಂದರು. ಬಟ್ಟಲನ್ನು ಬೆಳಕಿಗೆ ಹಿಡಿದೆ. ನೀಲಿಯ ಅಡಿಯಲ್ಲಿ ಬಣ್ಣವೇ ಇಲ್ಲದ ಒಂದು ಗುಂಡು ಹನಿ, ಕೆಸುವಿನೆಲೆಯ ಮೇಲಿನ ನೀರಿನಂತೆ ಅತ್ತಿತ್ತ ಉರುಳುತ್ತಿತ್ತು. ನೀರು ಇಂಧನಕ್ಕಿಂತ ಭಾರ, ತಳಕ್ಕೆ ಇಳಿದು ಕೂರುತ್ತದೆ. ಅದು ಎಂಜಿನ್‌ಗೆ ಹೋಗಿದ್ದರೆ ಟೇಕಾಫ್ ಆಗುವಾಗಲೇ ಎಂಜಿನ್ ನಿಲ್ಲಬಹುದಿತ್ತು. ‘ಇವತ್ತ ಈ ವಿಮಾನ ಬ್ಯಾಡ’ ಎಂದು ಅದನ್ನು ಪಕ್ಕಕ್ಕೆ ನಿಲ್ಲಿಸಿದರು. ಅಣ್ಣಾ, ಅಂದಿನಿಂದ ಒಂದು ದಿನವೂ ರೆಕ್ಕೆ ಅಲ್ಲಾಡಿಸದೆ ನಾನು ಇಂಧನ ನೋಡಿಲ್ಲ.

ಲೈಸೆನ್ಸ್‌ಗೆ ಬೇಕಾದ 200 ಗಂಟೆ ಹಾರಾಟದಲ್ಲಿ ದೊಡ್ಡ ಪರೀಕ್ಷೆಯೆಂದರೆ ಒಬ್ಬರೇ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿಲೋಮೀಟರ್, ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ಹಾರಬೇಕಾದ ಪಯಣ. ಸೆಪ್ಟೆಂಬರ್‌ನಲ್ಲಿ ಮೂರು ದಿನ ಮೇಡಂ ಹವಾಮಾನ ವರದಿ ನೋಡಿ ‘ಇವತ್ತು ಬೇಡ’ ಅಂದರು. ನಾಲ್ಕನೇ ದಿನ ಬಿಟ್ಟರು. ಹೊರಟು ನಲವತ್ತು ನಿಮಿಷಕ್ಕೆ, ವರದಿಯಲ್ಲಿ ಇಲ್ಲದ ಮೋಡ ಎದುರಿಗೆ ಹೂಕೋಸಿನಂತೆ ಉಬ್ಬುತ್ತಾ ಏಳತೊಡಗಿತು. ಪಕ್ಕದಿಂದ ದಾಟಿಬಿಡಬಹುದು ಅನ್ನಿಸಿತು. ಬ್ಯಾಂಕಿನ ಕಂತು ನೆನಪಾಯಿತು. ಆಮೇಲೆ ರೇಡಿಯೋ ಒತ್ತಿ, ವಾಪಸ್ ಬರುತ್ತಿದ್ದೇನೆ ಎಂದು ತಿಳಿಸಿದೆ. ಆ ದಿನ ‘ಇವತ್ತು ಬೇಡ’ ಎಂದು ನನಗೆ ಹೇಳಿದವಳು ನಾನೇ. ಮೇಡಂ ಪಾರ್ಕಿಂಗ್‌ವರೆಗೂ ನಡೆದು ಬಂದಿದ್ದರು. ‘ನಿನ್ನ ಮೇಲಿದ್ದ ಕೊನೇ ಅನುಮಾನವೂ ಹೋಯ್ತು’ ಅಂದರು. 200 ಗಂಟೆಯಲ್ಲಿ ನಾನು ಕೇಳಿದ ದೊಡ್ಡ ಹೊಗಳಿಕೆ ಅದೇ.

ಅಪ್ಪ, ನಿಮಗೆ ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಸೋಲೋ ಸಿಗದೆ ಕಂಗೆಟ್ಟಿದ್ದ ರಾತ್ರಿ ಫೋನಿನಲ್ಲಿ ನೀವು ‘ಬೇಡ ಅನ್ಸಿದ್ರೆ ಬಂದ್ಬಿಡು ಮಗಾ, ದುಡ್ಡಿನ ಲೆಕ್ಕ ನಾನ್ ನೋಡ್ಕೋತೀನಿ’ ಅಂದಿರಿ. ಆ ಒಂದು ಮಾತಿನಿಂದ ಅವತ್ತು ನಿದ್ದೆ ಬಂತು, ಮಾರನೇ ದಿನ ಕಣ್ಣು ರನ್‌ವೇ ಕೊನೆಗೆ ನಿಂತಿತು. ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗೆ ಒಣಗಿ ಗಿಟುಕು ಕೊಬ್ಬರಿಯಾಗುವವರೆಗೆ ಹತ್ತು ಹನ್ನೊಂದು ತಿಂಗಳು ಕಾಯುವವರು ನೀವು. ನನ್ನನ್ನೂ ಹಾಗೇ ಕಾದಿರಿ.

ಕೆಲಸ ಇನ್ನೂ ಸಿಕ್ಕಿಲ್ಲ. ಒಂದು ಮಾದರಿಯ ವಿಮಾನ ಹಾರಿಸಲು ಬೇಕಾದ ಪ್ರತ್ಯೇಕ ತರಬೇತಿ, ಟೈಪ್ ರೇಟಿಂಗ್, ಆಗಬೇಕು, ಏರ್‌ಲೈನ್ ಪರೀಕ್ಷೆಗಳಿವೆ, ಸಾಲ ಹಾಗೇ ಇದೆ. ಮುಂದಿನ ವಾರ ಕಲಬುರಗಿಗೆ ಹೋಗುತ್ತಿದ್ದೇನೆ. ಅವ್ವಾ, ನಿಮ್ಮ ರೊಟ್ಟಿ ಡಬ್ಬಿ ನನ್ನ ಬ್ಯಾಗಿನಲ್ಲೇ ಉಳಿದುಬಿಟ್ಟಿದೆ. ಖಾಲಿ ಡಬ್ಬಿ ಕೊಡಬಾರದು ಎಂದು ಅಮ್ಮ ಈಗಾಗಲೇ ಕೊಬ್ಬರಿ ಮಿಠಾಯಿ ಮಾಡಿ ತುಂಬಿಟ್ಟಿದ್ದಾರೆ.