ಮಗಳಿಗೊಂದು ಪತ್ರ: ಎರಡು ಕೀ ಇರುವ ವಾಚು

ಪ್ರೀತಿಯ ಪುಟ್ಟಿ,

ಈ ಪತ್ರದ ಜೊತೆ ಒಂದು ಚಿಕ್ಕ ಡಬ್ಬಿ ಇದೆ. ಅದರಲ್ಲಿ ನನ್ನ ರಷ್ಯನ್ ಅಲಾರಂ ವಾಚು. ಇನ್ನು ಮೇಲೆ ಅದು ನಿನ್ನದು. ಬೀರುವಿನಲ್ಲಿ ಇಡೋದಕ್ಕಂತೂ ಕೊಡುತ್ತಿಲ್ಲ. ಕಟ್ಟಿಕೋ, ದಿನಾ ಕೀ ಕೊಡು, ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಮಲಗುವಾಗ ಅಲಾರಂ ಇಟ್ಟುಕೋ. ಆದರೆ ಮೊದಲು ಇದನ್ನು ಪೂರ್ತಿ ಓದು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡ್ತೀಯ.

ನಾನು ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿಯಲ್ಲಿದ್ದೆ ಅನ್ನೋದು ನಿನಗೆ ಗೊತ್ತೇ ಇದೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಶುರುವಾದ ಫ್ಯಾಕ್ಟರಿ ಅದು. ನನ್ನ ಕೈಗೆ ಬರುತ್ತಿದ್ದವು ಕೀ ಕೊಡುವ ವಾಚುಗಳು. ಅವುಗಳಲ್ಲಿ ಅಲಾರಂ ಇರಲಿಲ್ಲ. ಫಸ್ಟ್ ಶಿಫ್ಟಿಗೆ ಕತ್ತಲಲ್ಲೇ ಏಳಬೇಕಿತ್ತು. ಮನೆಯ ಟೇಬಲ್ ಗಡಿಯಾರ ಬಡಿದರೆ ಅಜ್ಜಿಯೂ ಎದ್ದು ಕೂರುತ್ತಿದ್ದರು. ಅದಕ್ಕೇ ಈ ವಾಚನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಕೈಯಲ್ಲಿದ್ದರೆ ಇದರ ಸದ್ದು ಮೆತ್ತಗೆ. ಚರ್ಮಕ್ಕೆ ಗುರ್ ಅಂತ ತಾಗುತ್ತದೆ, ನಮಗೆ ಮಾತ್ರ ಎಚ್ಚರ ಆಗುತ್ತದೆ. ನಿನ್ನ ರೂಮಿನಲ್ಲಿ ಇನ್ನೂ ಇಬ್ಬರು ಮಲಗಿರುತ್ತಾರಲ್ಲ, ಅಲ್ಲಿಗೂ ಇದೇ ಸರಿ.

ಡಯಲಿನ ಮೇಲಿರುವ ಹೆಸರು ಪಲ್ಯೋತ್. ಮಾಸ್ಕೋದ ಒಂದನೇ ವಾಚ್ ಕಾರ್ಖಾನೆಯಲ್ಲಿ ಆಗಿದ್ದು. 1961ರಲ್ಲಿ ಗಗಾರಿನ್ ಬಾಹ್ಯಾಕಾಶಕ್ಕೆ ಹೋದಾಗ ಕಟ್ಟಿಕೊಂಡಿದ್ದ ವಾಚೂ ಅದೇ ಕಾರ್ಖಾನೆಯದು. ಇದರೊಳಗಿನ ಮಷೀನಿನ ನಂಬರ್ 2612. ಸ್ವಿಟ್ಜರ್ಲೆಂಡಿನ ಅಡಾಲ್ಫ್ ಶಿಲ್ಡ್ ಕಂಪನಿಯ 1475 ಅನ್ನೋ ಮಷೀನನ್ನು ನೋಡಿ ಮಾಡಿದ್ದು. 18 ಜ್ಯುವೆಲ್, ಅಂದರೆ ಚಕ್ರಗಳು ಸವೆಯದ ಹಾಗೆ ಕೂರಿಸಿದ ಸಣ್ಣ ಕಲ್ಲುಗಳು. ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಕಿವಿಗೆ ಹಿಡಿದು ಕೇಳು, ತುಂಬ ಚೆನ್ನಾಗಿರುತ್ತದೆ.

ಕೈಗಡಿಯಾರದಲ್ಲಿ ಅಲಾರಂ ಕೂರಿಸುವುದು ಸುಲಭದ ಕೆಲಸ ಆಗಿರಲಿಲ್ಲ. 1914ರಲ್ಲೇ ಎಟರ್ನಾ ಕಂಪನಿ ಒಂದನ್ನು ತೋರಿಸಿತ್ತು. ನಿಜಕ್ಕೂ ಜನರನ್ನು ಎಬ್ಬಿಸುವಷ್ಟು ಜೋರಾಗಿ ಕೂಗಿದ್ದು 1947ರ ವಲ್ಕೇನ್ ಕ್ರಿಕೆಟ್. ಆಟದ ಹೆಸರಲ್ಲ, ಇಂಗ್ಲಿಷಿನಲ್ಲಿ ಕ್ರಿಕೆಟ್ ಅಂದರೆ ಜೀರುಂಡೆ. ಅಷ್ಟು ಚಿಕ್ಕ ಹುಳು ಅಷ್ಟು ದೂರ ಕೇಳಿಸುತ್ತದಲ್ಲ! ಆ ವಾಚಿನಲ್ಲಿ ಟೈಮಿಗೆ ಒಂದು ಸ್ಪ್ರಿಂಗ್, ಅಲಾರಂಗೆ ಇನ್ನೊಂದು. ಹಿಂದಿನ ಮುಚ್ಚಳವೂ ಎರಡು ಪದರದ್ದು, ಹೊರಗಿನದಕ್ಕೆ ತೂತುಗಳು. ನಿನ್ನ ವಾಚಿನಲ್ಲೂ ಎರಡು ಸ್ಪ್ರಿಂಗ್ ಇವೆ. ಇಲ್ಲದಿದ್ದರೆ ಅಲಾರಂ ಹೊಡೆದಾಗಲೆಲ್ಲ ವಾಚಿನ ಶಕ್ತಿಯೇ ಸೋರಿಹೋಗುತ್ತಿತ್ತು.

ಈಗ ಕೀಗಳ ವಿಷಯ. ಬಲಗಡೆ ಎರಡು ಕೀ ಇವೆ. ಕೆಳಗಿನದು, ನಾಲ್ಕರ ಹತ್ತಿರ ಇರುವುದು ಟೈಮಿಗೆ. ಮೇಲಿನದು, ಎರಡರ ಹತ್ತಿರ ಇರುವುದು ಅಲಾರಂಗೆ.

ಕೆಳಗಿನ ಕೀಯನ್ನು ದಿನಾ ಒಂದೇ ಹೊತ್ತಿಗೆ ಕೊಡು. ತಿರುಗಿಸುತ್ತಾ ಹೋದರೆ ಒಂದು ಕಡೆ ನಿಲ್ಲುತ್ತದೆ. ಅಲ್ಲಿಗೆ ಸಾಕು, ಮುಂದೆ ಒತ್ತಬೇಡ. ‘ಕೀ ಜಾಸ್ತಿ ಕೊಟ್ಟರೆ ವಾಚು ಕೆಡುತ್ತೆ’ ಅಂತ ಹೆದರಿ ಅರ್ಧಕ್ಕೇ ಬಿಡುವವರು ತುಂಬ ಜನ. ಪೂರ್ತಿ ಕೊಡು, ಆಗಲೇ ಅದು ಸಮವಾಗಿ ನಡೆಯುತ್ತದೆ. ಕೈಯಲ್ಲಿ ಕಟ್ಟಿಕೊಂಡು ಕೊಡಬೇಡ, ಬಿಚ್ಚಿಕೊಂಡು ಕೊಡು. ಕಟ್ಟಿಕೊಂಡೇ ಕೊಟ್ಟರೆ ಕೀಯ ಕಡ್ಡಿಯ ಮೇಲೆ ಓರೆಯಾಗಿ ಭಾರ ಬೀಳುತ್ತದೆ.

ಮೇಲಿನ ಕೀ ಒಳಗಿದ್ದಾಗ ತಿರುಗಿಸಿದರೆ ಅಲಾರಂ ಸ್ಪ್ರಿಂಗ್ ಬಿಗಿಯಾಗುತ್ತದೆ. ಹೊರಗೆ ಎಳೆದು ತಿರುಗಿಸಿದರೆ ಬಾಣದ ತುದಿಯ ಸಣ್ಣ ಮುಳ್ಳು ಸರಿಯುತ್ತದೆ. ಎಳೆದೇ ಬಿಟ್ಟರೆ ಮಾತ್ರ ಅಲಾರಂ ಹೊಡೆಯುತ್ತದೆ. ಒಳಗೆ ಒತ್ತಿದರೆ ಸುಮ್ಮನಾಗುತ್ತದೆ. ಅಂದರೆ ಮಲಗುವ ಮುಂಚೆ ಮಾಡಬೇಕಾದ್ದು ಇಷ್ಟೇ: ಮೊದಲು ಕೀ ಕೊಡು, ಆಮೇಲೆ ಎಳೆ, ಮುಳ್ಳನ್ನು ಬೇಕಾದ ಟೈಮಿಗೆ ತಾ, ಹಾಗೇ ಬಿಡು.

ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡು ಪುಟ್ಟಿ. ಟೈಮಿನ ಮುಳ್ಳುಗಳು ಯಾವಾಗಲೂ ಮುಂದಕ್ಕೆ, ಅಲಾರಂ ಮುಳ್ಳು ಯಾವಾಗಲೂ ಹಿಂದಕ್ಕೆ. ಅಲಾರಂ ಚಕ್ರದಲ್ಲಿ ಒಂದು ಕಚ್ಚು ಇರುತ್ತದೆ. ಅದರ ಒಂದು ಬದಿ ಇಳಿಜಾರು, ಇನ್ನೊಂದು ಬದಿ ನೆಟ್ಟಗಿನ ಗೋಡೆ. ಇಟ್ಟ ಟೈಮ್ ಬಂದಾಗ ಜೊತೆಗಿರುವ ಇನ್ನೊಂದು ಚಕ್ರ ಆ ಕಚ್ಚಿಗೆ ಇಳಿಯುತ್ತದೆ, ತಡೆದಿಟ್ಟಿದ್ದ ಸಣ್ಣ ಸುತ್ತಿಗೆ ಬಿಡುಗಡೆಯಾಗಿ ಬಡಿಯುತ್ತದೆ. ಸರಿಯಾದ ದಿಕ್ಕಿನಲ್ಲಿ ತಿರುಗಿಸಿದರೆ ಇಳಿಜಾರಿನಲ್ಲಿ ಹತ್ತಿ ಆಚೆ ಹೋಗುತ್ತದೆ. ತಪ್ಪು ದಿಕ್ಕಿನಲ್ಲಿ ತಿರುಗಿಸಿದರೆ ಗೋಡೆಗೆ ಗುದ್ದುತ್ತದೆ. ಕೀ ಬಿಗಿ ಅನ್ನಿಸಿದ ಕ್ಷಣ ಬೆರಳು ತೆಗೆ. ಹಲ್ಲು ಮುರಿದರೆ ಈ ಮಷೀನಿಗೆ ಹೊಸ ಭಾಗ ಸಿಗುವುದು ಕಷ್ಟ. ಇನ್ನೊಂದು ಹಳೇ ವಾಚು ಬಿಚ್ಚಿ ತೆಗೆಯಬೇಕು.

ನಿಮಿಷಕ್ಕೆ ಸರಿಯಾಗಿ ಹೊಡೆಯಲಿ ಅಂತ ಬಯಸಬೇಡ. ಐದಾರು ನಿಮಿಷ ಹಿಂದೆ ಮುಂದೆ ಆಗುತ್ತದೆ. ಡಯಲು ಹನ್ನೆರಡು ಗಂಟೆಯದ್ದು, ಬೆಳಗಿನ ಆರು ಸಂಜೆಯ ಆರು ಅದಕ್ಕೆ ಒಂದೇ. ಅದಕ್ಕೇ ಎದ್ದ ಮೇಲೆ ಕೀ ಒಳಗೆ ಒತ್ತುವುದನ್ನು ಮರೆಯಬೇಡ. ಹೊಡೆಯುವುದು ಹತ್ತು ಹದಿನೈದು ಸೆಕೆಂಡ್ ಅಷ್ಟೆ. ತುಂಬ ಸುಸ್ತಾದ ದಿನ ವಾಚನ್ನು ಬಿಚ್ಚಿ ಬೋರಲು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಇಡು. ಆಗ ನೋಡು ಅದರ ಗಂಟಲು! ಆವತ್ತು ರೂಮಿನವರಿಗೆ ಮೊದಲೇ ಹೇಳಿರು. ಟ್ರೇನು ಹಿಡಿಯುವ ದಿನ ಮಾತ್ರ ಫೋನಿನಲ್ಲೂ ಅಲಾರಂ ಇಟ್ಟುಕೋ.

ನನಗೆ ನಿಜವಾದ ಚಿಂತೆ ಮಂಗಳೂರಿನ ಹವೆಯದ್ದು. ಬೆಂಗಳೂರಿನಲ್ಲಿ ಇದು ಸುಖವಾಗಿ ಬೆಳೆದ ವಾಚು. ನೀನಿರುವ ಮಂಗಳೂರಿನಲ್ಲಿ ಜೂನ್ ಬಂತೆಂದರೆ ಬಟ್ಟೆಯೇ ಒಣಗುವುದಿಲ್ಲ. ಎರಡು ಕೀ ಅಂದರೆ ತೇವ ನುಗ್ಗಲು ಎರಡು ಬಾಗಿಲು. ಮಳೆಯಲ್ಲಿ ಕಟ್ಟಿಕೊಳ್ಳಲೇಬೇಡ. ಕೈ ತೊಳೆಯುವ ಮುಂಚೆ ಬಿಚ್ಚು. ಸಂಜೆ ಬೆವರನ್ನು ಒಣ ಹತ್ತಿ ಬಟ್ಟೆಯಿಂದ ಒರೆಸು. ಕೇಸು ಹಿತ್ತಾಳೆಯದು, ಮೇಲೆ ಕ್ರೋಮ್ ಲೇಪನ. ಬೆವರು ಕೂತರೆ ಲೇಪನ ಏಳುತ್ತದೆ. ಗಾಜಿನ ಒಳಗೆ ಮಂಜು ಕಂಡರೆ ಅಕ್ಕಿ ಡಬ್ಬದಲ್ಲಿ ಹೂತಿಡುವುದು, ಹೇರ್ ಡ್ರೈಯರ್ ಹಿಡಿಯುವುದು ಏನೂ ಬೇಡ. ಅವತ್ತೇ ರಿಪೇರಿಯವರ ಹತ್ತಿರ ಒಯ್ದು ಹಿಂದಿನ ಮುಚ್ಚಳ ತೆಗೆಸು. ಕಬ್ಬಿಣದ ಭಾಗಗಳಿಗೆ ತುಕ್ಕು ಹಿಡಿಯಲು ಜಾಸ್ತಿ ದಿನ ಬೇಡ.

ಆಸ್ಪತ್ರೆಯದ್ದೂ ಎರಡು ಮಾತಿದೆ. ವಾರ್ಡಿನಲ್ಲಿ ಕಟ್ಟಿಕೊಳ್ಳಬೇಡ. ಗಾಜು ಅಂತೀವಲ್ಲ, ಅದು ಅಕ್ರಿಲಿಕ್. ಸ್ಯಾನಿಟೈಸರಿನ ಸ್ಪಿರಿಟ್ ಬಿದ್ದರೆ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಗೀಟು ಬಿದ್ದರೆ ಹೆದರಬೇಡ, ಒಂದು ಚೂರು ಟೂತ್‌ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ. ಎಂಆರ್‌ಐ ರೂಮಿನ ಹತ್ತಿರವಂತೂ ಒಯ್ಯಲೇಬೇಡ. ವಾಚಿನ ಬಡಿತವನ್ನು ಹದದಲ್ಲಿಡುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೆ ಕಾಂತ ಹಿಡಿದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ವಾಚು ಹುಚ್ಚು ಹಿಡಿದ ಹಾಗೆ ಮುಂದೆ ಓಡುತ್ತದೆ. ಫೋನು, ಸ್ಪೀಕರ್, ಬ್ಯಾಗಿನ ಕಾಂತದ ಗುಂಡಿ, ಇವುಗಳ ಪಕ್ಕವೂ ಇಡಬೇಡ. ಹಾಗಾದರೂ ಗಾಬರಿ ಬೇಡ. ಕಾಂತ ತೆಗೆಯುವ ಮಷೀನು ಅಂಗಡಿಯವರ ಹತ್ತಿರ ಇರುತ್ತದೆ, ನಿಮಿಷದ ಕೆಲಸ.

ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಿ ಎಣ್ಣೆ ಹಾಕಿಸಬೇಕು. ಹಳೇ ಎಣ್ಣೆ ಒಣಗಿ ಅಂಟಾಗುತ್ತದೆ, ಲೋಹ ಲೋಹಕ್ಕೆ ಉಜ್ಜುತ್ತದೆ. ‘ಮೇಲಿನಿಂದ ಒಂದು ತೊಟ್ಟು ಎಣ್ಣೆ ಬಿಟ್ಟರೆ ಸಾಕು’ ಅನ್ನುವವರ ಕೈಗೆ ಕೊಡಬೇಡ. ಬಾಗಿಲಲ್ಲೇ ಕೇಳು, ‘ಅಲಾರಂ ವಾಚು ಬಿಚ್ಚಿದ್ದೀರಾ?’ ಅಂತ. ಇಲ್ಲ ಅಂದರೆ ಅದೂ ಪ್ರಾಮಾಣಿಕ ಉತ್ತರವೇ, ನಮಸ್ಕಾರ ಹೇಳಿ ಬಾ. ಇದರ ಸುತ್ತಿಗೆ ಹೊಡೆಯುವುದು ಹಿಂದಿನ ಮುಚ್ಚಳದ ಒಳಗಿರುವ ಒಂದು ಸಣ್ಣ ಕಡ್ಡಿಗೆ. ಮುಚ್ಚಳವೇ ಇದರ ಗಂಟೆ. ಬೇರೆ ಮುಚ್ಚಳ ಹಾಕಿಕೊಟ್ಟರೆ ವಾಚು ಮೂಕ. ಅದಕ್ಕೇ ರಿಪೇರಿ ಆದ ಮೇಲೆ ಅಂಗಡಿಯಲ್ಲೇ ಅಲಾರಂ ಹೊಡೆಸಿ ಕೇಳಿ, ಆಮೇಲೆ ದುಡ್ಡು ಕೊಡು.

ಚರ್ಮದ ಬೆಲ್ಟು ಅಲ್ಲಿನ ಸೆಕೆಗೆ ಬೂಸ್ಟು ಹಿಡಿಯುತ್ತದೆ. ಹಾಗಾಗಿ ನೈಲಾನ್ ಬೆಲ್ಟು ಹಾಕಿಸಿ ಕಳಿಸಿದ್ದೀನಿ, ಚರ್ಮದ್ದು ನನ್ನ ಹತ್ತಿರವೇ ಇದೆ. ಒಂದು ವಾರ ಕಟ್ಟಿಕೊಂಡು ನೋಡು. ದಿನಾ ಕೀ ಕೊಡುವಾಗ ಎಷ್ಟು ಮುಂದೆ ಹೋಗಿದೆ, ಎಷ್ಟು ಹಿಂದೆ ಬಿದ್ದಿದೆ ಅಂತ ಒಂದು ಚೀಟಿಯಲ್ಲಿ ಬರೆದಿಡು. ಇಲ್ಲಿ ದಿನಕ್ಕೆ ಅರ್ಧ ನಿಮಿಷ ಮುಂದೆ ಹೋಗುತ್ತಿತ್ತು. ಅಲ್ಲಿ ಎಷ್ಟು ಅಂತ ಭಾನುವಾರ ಫೋನು ಮಾಡಿದಾಗ ಹೇಳು.

ನಿನ್ನ
ಅಮ್ಮ