ಮೊದಲು ಆ ತಂತಿ ಬಿಚ್ಚಿಸಿ: ನೀರಾವರಿ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಅಧಿಕಾರಿಗಳೇ,

ಬೆಟ್ಟದ ಹೊಳೆಯಲ್ಲಿ ಕಯಾಕ್ ಅನ್ನುವ ಪುಟ್ಟ ದೋಣಿ ನಡೆಸುವ ನಾವು ವರ್ಷಗಳಿಂದ ನಿಮ್ಮನ್ನು ಕೇಳುತ್ತಿರುವುದು ಇಷ್ಟೇ. ಹಳೇ ಒಡ್ಡಿಗಿಂತ ಸಾಕಷ್ಟು ಮೇಲೆ, ಎರಡೂ ದಡದಲ್ಲಿ ಎಚ್ಚರಿಕೆ ಫಲಕ ಹಾಕಿಸಿ. ದೋಣಿ ಹೊತ್ತು ಒಡ್ಡು ದಾಟಲು ಒಂದು ಕಾಲುದಾರಿ ಬಿಡಿಸಿ. ಅರ್ಜಿ ಕೊಟ್ಟೆವು, ಫೋಟೋ ಕೊಟ್ಟೆವು, ಮತ್ತೆ ಅರ್ಜಿ ಕೊಟ್ಟೆವು. ಫಲಕ ಬರಲಿಲ್ಲ. ಹೊಳೆಗೆ ಅಡ್ಡವಾಗಿ ಕಬ್ಬಿಣದ ತಂತಿ ಬಂತು.

ದೋಣಿಗಳನ್ನು ತಡೆಯಲು ಕಟ್ಟಿದ್ದಂತೆ. ನೀರು ಕಡಿಮೆ ಇದ್ದಾಗ ಅದು ತಲೆಗಿಂತ ಎಷ್ಟೋ ಮೇಲಿತ್ತು. ಮಳೆ ಬಿದ್ದು ಹೊಳೆ ಏರಿದ ದಿನ ಸರಿಯಾಗಿ ಕುತ್ತಿಗೆಯ ಮಟ್ಟಕ್ಕೆ ಬಂತು. ತಿರುವು ದಾಟುವವರೆಗೂ ಕಾಣುವುದಿಲ್ಲ, ಕಂಡ ಮೇಲೆ ನಿಲ್ಲಲು ಜಾಗವಿಲ್ಲ. ದೊಡ್ಡ ನದಿಯಲ್ಲಾದರೆ ಬಂಡೆಯ ಹಿಂದೆ ನಾವು ಎಡ್ಡಿ ಅನ್ನುವ ಸೆಳವಿಲ್ಲದ ಶಾಂತ ನೀರು ಸಿಗುತ್ತದೆ, ಅಲ್ಲಿ ದೋಣಿ ನಿಲ್ಲಿಸಬಹುದು. ಇಂಥ ಕಿರಿದಾದ, ಕಡಿದಾದ ಹೊಳೆಯಲ್ಲಿ ಅದು ಅಪರೂಪ. ಮುಂದಿದ್ದ ಗೆಳೆಯ ಮೈ ಬಗ್ಗಿಸಿದ, ತಂತಿ ಹೆಲ್ಮೆಟ್ಟನ್ನು ಕೆರೆದುಕೊಂಡು ಹೋಯಿತು, ದೋಣಿ ಮಗುಚಿತು. ದೋಣಿಯಿಂದ ಹೊರಬಿದ್ದವನನ್ನು ಸೆಳವು ನೇರ ಒಡ್ಡಿನ ಕಡೆಗೇ ಎಳೆಯುತ್ತಿತ್ತು. ನಾನು ಎಸೆದ ಹಗ್ಗ ಅವನ ಕೈಗೆ ಸಿಕ್ಕಿತು. ಸಿಗದಿದ್ದರೆ? ಆ ಯೋಚನೆ ಬಂದಾಗಲೆಲ್ಲ ನನಗೆ ನಿದ್ದೆ ಬರುವುದಿಲ್ಲ ಸ್ವಾಮಿ.

ಒಡ್ಡು ಏನು ಮಾಡುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕೆಳಗೆ ಧುಮುಕಿದ ನೀರು ತಳದಿಂದ ಎದ್ದು, ಮೇಲ್ಮೈಯಲ್ಲಿ ಮತ್ತೆ ಒಡ್ಡಿನ ಕಡೆಗೇ ತಿರುಗುತ್ತದೆ. ಸಿಕ್ಕಿಬಿದ್ದವರನ್ನು ಮುಳುಗಿಸಿ, ಎತ್ತಿ, ಮತ್ತೆ ಮುಳುಗಿಸುತ್ತದೆ. ನೊರೆಯಲ್ಲಿ ಗಾಳಿಯೇ ಜಾಸ್ತಿ ಇರುವುದರಿಂದ ಲೈಫ್ ಜಾಕೆಟ್ ಕೂಡ ಪೂರ್ತಿ ತೇಲಿಸುವುದಿಲ್ಲ. ಮೇಲಿನಿಂದ ಬರುವವರಿಗೆ ಕಾಣುವುದು ನೀರಿನ ಮೇಲೊಂದು ನೇರ ಗೆರೆ ಮಾತ್ರ. ಅದಕ್ಕೇ ಫಲಕ ಕೇಳುತ್ತಿದ್ದೇವೆ.

ನಿಮ್ಮ ಕಚೇರಿಯಲ್ಲಿ ಸಿಕ್ಕ ಉತ್ತರ ಏನು ಗೊತ್ತಾ? "ಹೊಳೆಗೆ ಇಳಿಯಿರಿ ಅಂತ ನಿಮಗೆ ಯಾರು ಹೇಳಿದ್ದು?" ಯಾರೂ ಹೇಳಲಿಲ್ಲ. ಹೊಳೆಯ ಅಪಾಯ ತಿಳಿದೇ ಇಳಿಯುತ್ತೇವೆ. ಬಿದ್ದ ಮರದ ಕೊಂಬೆಗಳ ನಡುವೆ ನೀರು ಸೋಸಿಕೊಂಡು ಹೋಗುತ್ತದೆ, ಮನುಷ್ಯ ಅಲ್ಲೇ ಸಿಕ್ಕಿಕೊಳ್ಳುತ್ತಾನೆ ಅಂತ ಗೊತ್ತು. ಸೆಳವಿನಲ್ಲಿ ಎದ್ದು ನಿಂತರೆ ಪಾದ ಕಲ್ಲುಗಳ ಸಂದಿಗೆ ಸಿಕ್ಕಿಕೊಳ್ಳಬಹುದು ಅಂತಲೂ ಗೊತ್ತು. ನೀರಿನ ವೇಗ 2 ಪಟ್ಟಾದರೆ ಅದು ನೂಕುವ ಬಲ 4 ಪಟ್ಟಾಗುತ್ತದೆ. ಇದಕ್ಕೆಲ್ಲ ಅಭ್ಯಾಸ ಮಾಡಿದ್ದೇವೆ, ದಡಕ್ಕೆ ಇಳಿದು ಮುಂದಿನ ದಾರಿ ನೋಡಿಕೊಂಡು ಹೋಗುತ್ತೇವೆ. ರಭಸದ ನೀರನ್ನು 1ರಿಂದ 6ರವರೆಗೆ ದರ್ಜೆ ಮಾಡಿದ್ದಾರಲ್ಲ, ಅದನ್ನು ನೋಡಿ ನಮ್ಮ ಕೈಲಾಗುವ ಹೊಳೆ ಆರಿಸುತ್ತೇವೆ. ಆ ಲೆಕ್ಕದಲ್ಲಿ ತಂತಿ ಎಲ್ಲಿದೆ ಹೇಳಿ? ಮರ ತಾನಾಗಿ ಬಿತ್ತು. ತಂತಿಯನ್ನು ಮನುಷ್ಯರು ಕಟ್ಟಿದ್ದಾರೆ, ಅದೂ ಸುರಕ್ಷತೆಯ ಹೆಸರಲ್ಲಿ.

ದಯವಿಟ್ಟು ಬಿಚ್ಚಿಸಿ. ಸಭೆ, ವರದಿ ಎಲ್ಲ ಆಮೇಲೆ ಇಟ್ಟುಕೊಳ್ಳಿ. ಪುಟ್ಟ ಹೊಳೆ ಇದು, ಮೇಲೆ ಜೋರು ಮಳೆಯಾದರೆ ಬೇಗನೆ ಏರುತ್ತದೆ. ನೀವು ಕಡತ ತಿರುವಿ ಹಾಕುವವರೆಗೆ ಅದು ಕಾಯುವುದಿಲ್ಲ. ಇವತ್ತೇ ಒಬ್ಬರನ್ನು ಕಳಿಸಿ ತಂತಿ ಬಿಚ್ಚಿಸಿ. ಆಮೇಲೆ ಫಲಕ, ಅದೂ ತಿರುವಿಗೆ ಮುಂಚೆಯೇ ಕಾಣುವಂತೆ. ಆಮೇಲೆ ಕಾಲುದಾರಿ. ಫಲಕಕ್ಕೆ ಜಾಗ ತೋರಿಸಲು ನಾವೇ ಬರುತ್ತೇವೆ, ಗುಂಡಿ ತೋಡಲೂ ಬರುತ್ತೇವೆ. ಆದರೆ ತಂತಿ ಮೊದಲು.

ಇಂತಿ,
ಇದೇ ಹೊಳೆಯಲ್ಲಿ ದೋಣಿ ನಡೆಸುವವ